ಎಡಗೈ ಎತ್ತಿದ ಒಂಬತ್ತನೇ ತರಗತಿ

ಮಸ್ತುರಾ ತನ್ನ ಬೀಬೀಗೆ ಮಾತು ಕೊಟ್ಟಿದ್ದು ಹದಿನೆಂಟನೇ ವಯಸ್ಸಿನಲ್ಲಿ, ಅಂಗಳದ ತಂದೂರಿನ ಮುಂದೆ ನಿಂತು. ಶಿಕ್ಷಕರ ಕಾಲೇಜಿನಲ್ಲಿ ಇತಿಹಾಸ ಓದಲು ಸೀಟು ಸಿಕ್ಕಿದೆ ಎಂಬ ಕಾಗದ ಅಂದು ಬೆಳಗ್ಗೆ ತಾನೇ ಬಂದಿತ್ತು. ಬೀಬೀ, ಅಂದರೆ ಅವಳ ತಂದೆಯ ತಾಯಿ, ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡು ತಂದೂರಿನೊಳಕ್ಕೆ ಬಗ್ಗಿ ರೊಟ್ಟಿ ಕೀಳುತ್ತಿದ್ದಳು.

"ಇತಿಹಾಸ ಅಂದ್ರೆ ರಾಜರ ಕಥೆ ತಾನೇ?"

"ಎಲ್ಲಾರ ಕಥೆ ಬೀಬೀ."

"ಎಲ್ಲಾರದ್ದು ಅಂದ್ಮೇಲೆ ನಮ್ಮದೂ ಬರ್ಬೇಕು. ಹಂಗಾದ್ರೆ ಒಂದು ಮಾತು ಕೊಡು. ನಾವಾಗೇ ಬೆಟ್ಟ ಬಿಟ್ಟು ಇಳಿದು ಬಂದ್ವಿ ಅಂತ ಪುಸ್ತಕದಲ್ಲಿ ಹಾಕಿದಾರಂತೆ. ನಾವು ಬರ್ಲಿಲ್ಲ. ನಮ್ಮನ್ನ ತಂದ್ರು. ಇದನ್ನ ಮಕ್ಕಳ ಕೈಲಿ ಬರೆಸು. ಬಾಯಲ್ಲಿ ಹೇಳ್ಬೇಡ, ಅದು ಈ ಹೊಗೆ ಹೋದಂಗೆ ಹೋಗುತ್ತೆ. ಬರೆಸು."

"ಬರೆಸ್ತೀನಿ ಬೀಬೀ, ಆಣೆಗೂ ಬರೆಸ್ತೀನಿ. ಮೊದ್ಲು ರೊಟ್ಟಿ ಕೊಡು, ಹೊಟ್ಟೆ ಕೂಗ್ತಿದೆ."

ಮಾತು ಕೊಡುವುದು ಅಷ್ಟು ಸುಲಭವಾಗಿತ್ತು. ಆಮೇಲೆ ಇಪ್ಪತ್ತಮೂರು ವರ್ಷ ಅದು ಬೂದಿಯಡಿಯ ಕೆಂಡದಂತೆ ಇದ್ದಲ್ಲೇ ಇತ್ತು. ಮಸ್ತುರಾ ಮರೆತಿದ್ದಳು ಎಂದಲ್ಲ. ದೇಶ ಒಡೆಯಿತು, ಯುದ್ಧ ಬಂತು. ನಲವತ್ತು ವರ್ಷ ಒಂದೇ ಕಾಲುವೆಯ ನೀರು ಕುಡಿದು, ಒಂದೇ ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸಿದ್ದ ಪಕ್ಕದೂರಿನವರು ಬಂದೂಕು ಹಿಡಿದು ಇವರ ಬೀದಿಗೆ ನುಗ್ಗಿ, "ಬಂದವರು ನೀವು, ಬಂದ ದಾರಿ ಹಿಡೀರಿ" ಎಂದು ಮನೆಗಳಿಗೆ ಬೆಂಕಿ ಇಟ್ಟರು. ಪುಸ್ತಕದಲ್ಲಿರುವ ಒಂದು ಸುಳ್ಳಿಗೆ ಎಷ್ಟು ಸೂರು ಸುಡುವ ಶಕ್ತಿ ಇರುತ್ತದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಬೀಬೀ ಆ ಚಳಿಗಾಲವೇ ತೀರಿಕೊಂಡಳು. ಆಮೇಲೆ ಊರಿನ ಶಾಲೆಯಲ್ಲಿ ಟೀಚರ್ ಕೆಲಸ, ಮದುವೆ, ಮೂರು ಮಕ್ಕಳು, ಒಂದು ಹಸು, ಊರಿನ ನೀರುಗಂಟಿಯಾಗಿ ಹಗಲೂ ರಾತ್ರಿ ಕಾಲುವೆಯ ತೂಬಿನ ಹಿಂದೆ ಓಡಾಡುವ ಗಂಡ.

ಪ್ರತಿವರ್ಷ ಹತ್ತಿ ಕೊಯ್ಲು ಮುಗಿದು ಮಕ್ಕಳು ಶಾಲೆಗೆ ಮರಳಿದ ಮೇಲೆ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಆ ಪುಟ ಬರುತ್ತಿತ್ತು. 'ಪರ್ವತದ ಶ್ರಮಜೀವಿಗಳು ಸ್ವಂತ ಇಚ್ಛೆಯಿಂದ, ಹಾಡು ಹಾಡುತ್ತಾ, ಕಣಿವೆಯ ಹೊಸ ಭೂಮಿಗೆ ಇಳಿದು ಬಂದರು.' ಪ್ರತಿವರ್ಷವೂ ಮಸ್ತುರಾ ಅದನ್ನು ಓದಿ ಬರೆಸುತ್ತಿದ್ದಳು. ಒಮ್ಮೆ ಒಬ್ಬ ಹುಡುಗಿ, "ಯಾವ ಹಾಡು, ಮುಅಲ್ಲಿಮಾ?" ಎಂದು ಕೇಳಿದ್ದಳು. "ಸುಮ್ನೆ ಬರಿ" ಎಂದು ಗದರಿದ್ದು ಟೀಚರಾದ ಇವಳೇ.

ಇಪ್ಪತ್ತಮೂರನೇ ವರ್ಷ, ಶರತ್ಕಾಲದಲ್ಲಿ ಪಟ್ಟಣದಲ್ಲಿ ಮೂರು ದಿನದ ತರಬೇತಿ ನಡೆಯಿತು. ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸಲು ಪ್ರಾಯೋಗಿಕ ಉಪಾಯಗಳು ಎಂದು ಬರೆದ ಬಟ್ಟೆಯನ್ನು ಬಾಗಿಲಿಗೇ ಕಟ್ಟಿದ್ದರು. ನಲವತ್ತು ಜನ ಟೀಚರುಗಳನ್ನು 'ಗುಲಾಬಿ', 'ಟ್ಯುಲಿಪ್' ಎಂದು ಗುಂಪು ಮಾಡಿ, ಬಣ್ಣದ ಪೆನ್ನು ಕೊಟ್ಟು, ದೊಡ್ಡ ಹಾಳೆಯ ಮೇಲೆ ಸೂರ್ಯನ ಚಿತ್ರ ಬರೆಸಿದರು. ಕೊನೆಯ ದಿನ ತರಬೇತಿಯ ಹುಡುಗಿ, "ಪುಸ್ತಕ ಮುಚ್ಚಿ, ಊರನ್ನ ತೆರೀರಿ. ಮಕ್ಕಳು ತಾವೇ ನೋಡ್ಲಿ, ಅಳೀಲಿ, ಹಿರಿಯರನ್ನ ಕೇಳ್ಲಿ" ಎಂದಳು. ನಲವತ್ತು ಜನವೂ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು, ಬಿಸ್ಕತ್ತು ತಿಂದರು, ಸರ್ಟಿಫಿಕೇಟು ತೆಗೆದುಕೊಂಡು ಬಸ್ಸು ಹತ್ತಿದರು. ಹೇಳಿದ್ದನ್ನು ನಿಜವೆಂದು ನಂಬಿದವಳು ಇಡೀ ಜಿಲ್ಲೆಯಲ್ಲಿ ಮಸ್ತುರಾ ಒಬ್ಬಳೇ.

ಅವಳು ತನ್ನ ಇಪ್ಪತ್ತೆಂಟು ಮಕ್ಕಳಿಗೆ, "ನಾಳೆ ಮನೆಯಿಂದ ಎಲ್ಲಾರೂ ದಾರ ತನ್ನಿ. ಹತ್ತಿಯದ್ದೋ ಉಣ್ಣೆಯದ್ದೋ, ಏನಿದ್ರೆ ಅದು. ಉದ್ದ ಇರ್ಲಿ" ಎಂದಳು. ಮರುದಿನ ಸಾಲು ಕಟ್ಟಿಸಿ ಹಳೆ ಕಾಲುವೆಯ ಪಕ್ಕದ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಎಲ್ಲರೂ ಕೈಯೆತ್ತಿ ಪ್ರಾರ್ಥನೆ ಹೇಳಿದರು. ಸ್ಮಶಾನ ನೋಡಿಕೊಳ್ಳುವ ಹೊಲ್ಮುರೋದ್ ಬೋಬೋ, ಅಂದರೆ ಹೊಲ್ಮುರೋದ್ ಅಜ್ಜ, ಗೋಡೆಯ ಬುಡದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿದ್ದ. ಬೆಟ್ಟದಿಂದ ಇಳಿಸಿದಾಗ ಅವನಿಗೆ ಹನ್ನೊಂದು ವರ್ಷ.

ಮುಂದಿನ ಬೆಂಚಿನ ಶುಕ್ರೋನಾ ಎಂಬ ಹುಡುಗಿಗೆ ಸುಮ್ಮನಿರಲು ಬರುವುದಿಲ್ಲ. ಅವಳೇ ಶುರುಮಾಡಿದಳು. "ಬೋಬೋ, ನಮ್ಮೋರು ಹಾಡ್ತಾ ಹಾಡ್ತಾ ಬಂದ್ರಂತೆ, ಹೌದಾ?"

"ಹಾಡ್ತಾನಾ?" ಮುದುಕ ನಕ್ಕ. "ಲಾರೀಲಿ ನಮ್ಮ ಮೇಕೆ ಕಿರುಚ್ಕೊಳ್ತಿತ್ತು. ಬರ್ದೋನು ಅದನ್ನೇ ಹಾಡು ಅಂದ್ಕೊಂಡಿರ್ಬೇಕು."

ಮಕ್ಕಳು ನಕ್ಕವು. ಮುದುಕ ನಗು ನಿಲ್ಲಿಸಿದ.

"ಕಣಿವೇಲಿ ಹತ್ತಿ ಬೆಳೆಯೋಕೆ ಸರ್ಕಾರಕ್ಕೆ ಆಳು ಬೇಕಿತ್ತು. ಬಾಗಿಲು ಎಳ್ಕೊಳ್ಳೋಕೂ ಬಿಡ್ಲಿಲ್ಲ ಕಣ್ರೋ. ತಿರುಗಿ ಹೋಗ್ಬಾರ್ದು ಅಂತ ನಮ್ಮ ಕಣ್ಮುಂದೇನೇ ಮಾಳಿಗೆ ತೊಲೆ ಎಳೆದು ಹಾಕಿದ್ರು. ಜೂನ್ ತಿಂಗ್ಳು. ಬೆಟ್ಟದಲ್ಲಿ ಆಗ್ಲೂ ಹತ್ತಿ ತುಂಬಿದ ಕೋಟು ಹಾಕ್ತಿದ್ವಿ. ಇಲ್ಲಿ ಇಳಿದ್ರೆ ಕಾಲುವೆ ನೀರೇ ಕುದೀತಿತ್ತು, ಸೊಳ್ಳೆ ಮೋಡದಂಗೆ. ಮೊದ್ಲು ಕೈಗೂಸುಗಳು ಹೋದ್ವು. ಆ ಕಾಲುವೆ ಕಡೆ ಸಾಲು ಇದೆಯಲ್ಲ, ಅದು ಒಂದೇ ಬೇಸಿಗೇದು. ಅಗೆಯೋಕೆ ನನ್ನಪ್ಪನ್ನೂ ನನ್ನೂ ನಿಲ್ಸಿದ್ರು."

ಆ ಸಾಲಿನಲ್ಲಿ ಹೆಸರು ಬರೆದ ಕಲ್ಲುಗಳಿಲ್ಲ. ತಲೆಗೊಂದು, ಕಾಲಿಗೊಂದು ಹೊಳೆಗಲ್ಲು, ನಡುವೆ ಕುಸಿದ ಮಣ್ಣಿನ ದಿಬ್ಬ. "ಯಾರೂ ಗೋರಿ ಮೇಲೆ ಕಾಲಿಡ್ಬಾರ್ದು. ಒಬ್ರು ತಲೆ ಹತ್ರ, ಒಬ್ರು ಕಾಲ ಹತ್ರ ದಾರ ಹಿಡೀರಿ. ಅಷ್ಟಕ್ಕೇ ಕತ್ತರಿಸಿ ಗಂಟು ಹಾಕಿ" ಎಂದಳು ಮಸ್ತುರಾ. ಮೊದಮೊದಲು ಮಕ್ಕಳು ಗುಸುಗುಸು ಮಾತಾಡಿದವು, ಒಬ್ಬರನ್ನೊಬ್ಬರು ತಳ್ಳಿದವು. ಹತ್ತು ಗೋರಿ ಆಗುವಷ್ಟರಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಶುಕ್ರೋನಾ ತನ್ನ ಕೆಂಪು ಉಣ್ಣೆಯ ದಾರವನ್ನು ಹಿಡಿದುಕೊಂಡು ಬಂದಳು. "ಮುಅಲ್ಲಿಮಾ, ನನ್ನ ತಮ್ಮ ಐದು ವರ್ಷದೋನು. ಅವನು ಇದರಲ್ಲಿ ಹಿಡಿಯಲ್ಲ."

ಸಾಲಿನಲ್ಲಿ ಅರವತ್ತೊಂದು ಗೋರಿ. ಆ ಕೆಂಪು ದಾರಕ್ಕೆ ಸಮ, ಇಲ್ಲವೇ ಅದಕ್ಕಿಂತ ಗಿಡ್ಡದವು ನಲವತ್ತೇಳು. ಅದರಲ್ಲೊಂದು ಬೀಬೀಯ ಒಂದೂವರೆ ವರ್ಷದ ಮಗಳದು. ಯಾವುದು ಎಂದು ಬೀಬೀಗೂ ಗೊತ್ತಿರಲಿಲ್ಲ. ಮಗುವನ್ನು ಹೂಳುವ ದಿನ ಅವಳು ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಅದಕ್ಕೇ ಜೀವ ಇರುವವರೆಗೂ ಹಬ್ಬದ ದಿನ ಇಡೀ ಸಾಲಿಗೆ, ಒಂದೊಂದಕ್ಕೂ ನಿಂತು ನಿಂತು, ಪ್ರಾರ್ಥನೆ ಹೇಳುತ್ತಿದ್ದಳು.

ದಾರಗಳನ್ನು ತಂದು ಮಸ್ತುರಾ ತರಗತಿಯ ಬೀರುವಿನಲ್ಲಿಟ್ಟಳು. ಗಿಡ್ಡದ್ದರಿಂದ ಉದ್ದದವರೆಗೆ ಗೋಡೆಗೆ ಸಾಲಾಗಿ ತೂಗುಹಾಕಿಸಿ, ಪಕ್ಕದಲ್ಲಿ ಪುಸ್ತಕದ ಆ ವಾಕ್ಯವನ್ನು ಅಂಟಿಸಿ, ಎರಡರಲ್ಲಿ ಯಾವುದನ್ನು ನಂಬುತ್ತೀರಿ ಎಂದು ಮಕ್ಕಳನ್ನೇ ಕೇಳಬೇಕು ಎಂದಿತ್ತು ಅವಳ ಲೆಕ್ಕಾಚಾರ. ಗೋಡೆಯವರೆಗೂ ಅದು ಹೋಗಲಿಲ್ಲ. ಎರಡನೇ ದಿನವೇ ಶಾಲೆಯ ಡೈರೆಕ್ಟರ್ ಮಿರ್ಜೊಅಲಿ ಕರೆಸಿದ.

"ನಿಮ್ಮನ್ನ ತರಬೇತಿಗೆ ಕಳಿಸಿದ್ದು ಸರ್ಟಿಫಿಕೇಟ್ ತರೋಕೆ ಮುಅಲ್ಲಿಮಾ, ಗೋರಿ ಅಳೆಯೋಕಲ್ಲ."

"ಊರನ್ನ ತೆರೀರಿ ಅಂದ್ರು, ಮಿರ್ಜೊಅಲಿ ಅಕಾ" ಎಂದಳು ಮಸ್ತುರಾ, ಅಣ್ಣ ಎನ್ನುವಂತೆ.

"ಊರು ತೆರೀರಿ ಅಂದ್ರೆ ಗೋರಿ ತೆರೆಯೋದಾ? ಪ್ರಾಯೋಗಿಕ ಅಂದ್ರೆ ಏನು ಗೊತ್ತಾ? ಪೋಸ್ಟರ್! ನಾಲ್ಕು ಪೋಸ್ಟರ್ ಮಾಡ್ಸಿ, ಫೋಟೋ ಹೊಡ್ಸಿ, ಮುಗೀತು. ಬರೋ ಬುಧವಾರ ಪರಿವೀಕ್ಷಕರು ಬರ್ತಾರೆ. ನಿಮ್ಮದೇ ತರಗತೀಲಿ, ಅವರ ಮುಂದೆ, ತೆರೆದ ಪಾಠ. ಕಣಿವೆಯ ಅಭಿವೃದ್ಧಿ ಅಂತ ವಿಷಯ ಕೊಟ್ಟಾಗಿದೆ. ನಿಮ್ಮ ಉನ್ನತ ದರ್ಜೆ ಬಡ್ತಿ ಫೈಲೂ ಅವರ ಬ್ಯಾಗಲ್ಲೇ ಇದೆ. ಆರು ವರ್ಷ ಆಯ್ತಲ್ಲ ಕಾದು?"

"ನಿಮ್ಮ ಅಜ್ಜಿಯೂ ಅದೇ ಲಾರೀಲಿ ಇದ್ರಲ್ಲ ಅಕಾ. ಕೂಸಾಗೇ ಹೋದ ನಿಮ್ಮ ಸೋದರತ್ತೆಯೊಬ್ರೂ ಆ ಸಾಲಲ್ಲಿದಾರೆ ಅಂತ ಹೊಲ್ಮುರೋದ್ ಬೋಬೋ ಹೇಳಿದ್ರು."

ಮಿರ್ಜೊಅಲಿ ಎದ್ದು ಬಾಗಿಲು ಮುಚ್ಚಿದ. ಧ್ವನಿ ತಗ್ಗಿಸಿದ. "ಅದಕ್ಕೇ ಹೇಳ್ತಿರೋದು. ಯುದ್ಧದ ವರ್ಷ ನಮ್ಮ ಮನೆಗೆ ಬೆಂಕಿ ಇಟ್ಟೋನು ಇವತ್ತೂ ಬಜಾರಲ್ಲಿ ಸಿಕ್ಕಿ ಸಲಾಮ್ ಹೇಳ್ತಾನೆ. ನಾನೂ ಹೇಳ್ತೀನಿ. ಬಾಯಿ ಮುಚ್ಕೊಂಡಿದ್ದೋರನ್ನ ಬದುಕೋಕೆ ಬಿಡ್ತಾರೆ ಮುಅಲ್ಲಿಮಾ. ನಿಮಗೆ ಮೂರು ಮಕ್ಕಳಿವೆ."

ಭಯಪಟ್ಟವನ ಮೇಲೆ ಸಿಟ್ಟು ಮಾಡುವುದು ಕಷ್ಟ. ಆದರೆ ಮುಂದಿನ ನಾಲ್ಕು ದಿನ ಅವನು ನಡೆದುಕೊಂಡ ರೀತಿಗೆ ಮಸ್ತುರಾಗೆ ಸಿಟ್ಟಲ್ಲದೆ ಬೇರೇನೂ ಬರಲಿಲ್ಲ. ಗಣಿತ, ರಸಾಯನ ಎಲ್ಲ ಪಾಠ ನಿಲ್ಲಿಸಿ ಅವನೇ ತರಗತಿಗೆ ಬಂದು ತಾಲೀಮು ನಡೆಸಿದ. ಯಾರು ಯಾವ ಪ್ರಶ್ನೆಗೆ ಏಳಬೇಕು, ಯಾರು ಯಾವ ವಾಕ್ಯ ಹೇಳಬೇಕು, ಎಲ್ಲಿ ಚಪ್ಪಾಳೆ, ಎಲ್ಲಿ ನಗು, ಎಲ್ಲ ಚೀಟಿಯಲ್ಲಿ ಹಂಚಿದ. ಇಪ್ಪತ್ತು ವರ್ಷದಿಂದ ಪಾಲಿಸಿಕೊಂಡು ಬಂದ ಅವನ ಕೈ ನಿಯಮವನ್ನೂ ಹೇಳಿಕೊಟ್ಟ.

"ಪ್ರಶ್ನೆ ಕೇಳಿದ ತಕ್ಷಣ ಎಲ್ಲಾರ ಕೈಯೂ ಮೇಲೆ ಇರ್ಬೇಕು. ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ. ನಿಮ್ಮ ಮುಅಲ್ಲಿಮಾ ಬಲಗೈನೋರನ್ನೇ ಎಬ್ಬಿಸ್ತಾರೆ. ನೋಡೋರ ಕಣ್ಣಿಗೆ ಇಡೀ ತರಗತಿ ಪಂಡಿತರು! ಅರ್ಥ ಆಯ್ತೇನ್ರೋ?"

"ಆಯ್ತೂ, ಮುಅಲ್ಲಿಮ್!"

ಶುಕ್ರೋನಾಗೆ ಸಿಕ್ಕ ಚೀಟಿಯಲ್ಲಿ ಪುಸ್ತಕದ ಆ ವಾಕ್ಯವೇ ಇತ್ತು. ಸ್ವಂತ ಇಚ್ಛೆಯಿಂದ, ಹಾಡು ಹಾಡುತ್ತಾ. ಅವಳು ಅದನ್ನು ಓದಿ ಮಸ್ತುರಾಳ ಮುಖ ನೋಡಿದಳು. ಮಸ್ತುರಾ ಕಿಟಕಿಯ ಕಡೆ ತಿರುಗಿದಳು. ಆರು ವರ್ಷ ಕಾದ ದರ್ಜೆ, ಮೂರು ಮಕ್ಕಳ ಬೂಟು, ಹಸುವಿನ ಹಿಂಡಿ, ಎಲ್ಲ ಒಟ್ಟಿಗೆ ಅವಳ ನಾಲಿಗೆಯ ಮೇಲೆ ಕುಳಿತಿದ್ದವು. ಒಂದು ದಿನದ ನಾಟಕ, ಕಳೆದುಹೋಗಲಿ, ಆಮೇಲೆ ಬರೆಸೋಣ ಎಂದುಕೊಂಡಳು. ಇಪ್ಪತ್ತಮೂರು ವರ್ಷವೂ ಹೀಗೇ ಅಂದುಕೊಂಡು ಬಂದಿದ್ದಳು.

ಬುಧವಾರ ಬೆಳಗ್ಗೆ ಶಾಲೆಗೆ ಕಾಲಿಡುವಾಗಲೇ ಕುರಿಮಾಂಸದ ಪಲಾವಿನ ಘಮ ಮೂಗಿಗೆ ಬಡಿಯಿತು. ಪರಿವೀಕ್ಷಕರಿಗಾಗಿ ಹಿತ್ತಲಿನಲ್ಲಿ ದೊಡ್ಡ ಕಡಾಯಿ ಏರಿಸಿದ್ದರು. ಕ್ಯಾರೆಟ್ಟು, ಅಕ್ಕಿ, ಎಣ್ಣೆ ಎಲ್ಲ ಮಕ್ಕಳ ಮನೆಯಿಂದ ಬಂದದ್ದು. ಮಸ್ತುರಾ ತರಗತಿಯ ಬಾಗಿಲು ತೆರೆದಳು. ಇಪ್ಪತ್ತೆಂಟು ಮಕ್ಕಳೂ ಬಿಳಿ ಅಂಗಿ ತೊಟ್ಟು ತಲೆ ಎತ್ತಿ ಮೇಲೆ ನೋಡುತ್ತಾ ನಿಂತಿದ್ದರು. ಅವಳೂ ನೋಡಿದಳು.

ಸೂರಿನಿಂದ ಕಾಗದದ ಗುಲಾಬಿಗಳು ತೂಗುತ್ತಿದ್ದವು. ಕೆಂಪು, ಹಳದಿ, ಗುಲಾಬಿ ಬಣ್ಣ, ಲೆಕ್ಕವಿಲ್ಲದಷ್ಟು. ಒಂದೊಂದು ಹೂವಿಗೂ ಒಂದೊಂದು ದಾರ. ಹತ್ತಿಯ ದಾರ, ಕಸೂತಿಯ ರೇಷ್ಮೆ ಎಳೆ, ಯಾರದೋ ಬೂಟಿನ ಲೇಸು. ಮುಂದಿನ ಸಾಲಿನ ನಡುಮಧ್ಯದಲ್ಲಿ ಶುಕ್ರೋನಾಳ ಕೆಂಪು ಉಣ್ಣೆ. ಅದರ ತುದಿಯ ಗಂಟನ್ನು ಬಿಚ್ಚಿಯೂ ಇರಲಿಲ್ಲ.

"ಇದನ್ನ ಯಾರು ಕಟ್ಟಿದ್ದು?" ಮಸ್ತುರಾ ಕೇಳಿದಳು.

ಹಿಂದೆಯೇ ಬಂದ ಮಿರ್ಜೊಅಲಿ ಕೈ ಉಜ್ಜಿಕೊಂಡ. "ಚೆನ್ನಾಗಿದೆ ಅಲ್ವಾ? ಆಟದ ಮೇಷ್ಟ್ರ ಕೈಲಿ ನಿನ್ನೆ ಸಂಜೆ ಮಾಡ್ಸಿದ್ದು. ಬಜಾರಿಗೆ ಓಡೋಕೆ ಹೊತ್ತಿರ್ಲಿಲ್ಲ, ಬೀರೂನಲ್ಲಿ ದಾರದ ಗಂಟೇ ಇತ್ತು. ಒಂದೊಂದು ಒಂದೊಂದು ಅಳತೆ, ಎತ್ತರ ತಗ್ಗಾಗಿ ತೂಗೋಕೆ ಹೇಳಿ ಮಾಡ್ಸಿದಂಗಿದೆ!"

ಗೋರಿ ಅಳೆದದ್ದು ಕೇಳಿದ್ದ, ಅಳೆದದ್ದು ಈ ದಾರದಲ್ಲೇ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನೋಡಿದ್ದರೆ ತಾನೇ ಗೊತ್ತಾಗುವುದು? ಸತ್ತ ಕೂಸುಗಳ ಅಳತೆಗೆ ಕಾಗದದ ಹೂ ಕಟ್ಟಿ, ಅದರ ಕೆಳಗೆ ಅವುಗಳ ಅಕ್ಕತಂಗಿಯರ ಮೊಮ್ಮಕ್ಕಳನ್ನು ನಿಲ್ಲಿಸಿ, ಹಾಡುತ್ತಾ ಬಂದೆವು ಎಂದು ಹೇಳಿಸುವ ಏರ್ಪಾಟು ಅದು. ಮಸ್ತುರಾ ಕುರ್ಚಿ ಎಳೆದು ಹತ್ತಿ ಕೀಳಬೇಕು ಎನ್ನುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಮಿರ್ಜೊಅಲಿ ಟೈ ಸರಿಮಾಡಿಕೊಂಡು ಓಡಿದ.

ಶುಕ್ರೋನಾ ಹಿಂದಕ್ಕೆ ತಿರುಗಿ ಬೆಂಚಿನಿಂದ ಬೆಂಚಿಗೆ ನೋಡಿ, ತನ್ನ ಎಡಗೈಯನ್ನು ಮೇಜಿನ ಮೇಲಿಟ್ಟಳು, ಅಷ್ಟೆ.

ಪರಿವೀಕ್ಷಕ ಸಮದೋವ್ ಅರವತ್ತು ದಾಟಿದ ಮನುಷ್ಯ, ಮೂವತ್ತು ವರ್ಷ ಟೀಚರಾಗಿದ್ದು ಮೇಲೆ ಹೋದವನು. ಹಿಂದಿನ ಬೆಂಚಿನಲ್ಲಿ ಮಿರ್ಜೊಅಲಿಯ ಪಕ್ಕ ಕುಳಿತು ದಾಖಲೆ ಪುಸ್ತಕ ತೆರೆದ. ಪಾಠ ಚೀಟಿಯಂತೆಯೇ ಸಾಗಿತು. ಕಾಲುವೆ ಎಷ್ಟು ಉದ್ದ? ಬಲಗೈ, ಉತ್ತರ. ಮೊದಲ ವರ್ಷದ ಹತ್ತಿ ಎಷ್ಟು ಟನ್ನು? ಬಲಗೈ, ಉತ್ತರ, ಚಪ್ಪಾಳೆ. ಮಿರ್ಜೊಅಲಿಯ ಮುಖ ಅರಳುತ್ತಿತ್ತು. ನಂತರ ಆ ಪ್ರಶ್ನೆ ಬಂತು. ಮಸ್ತುರಾ ಅದನ್ನು ಹಾರಿಸಿಬಿಡಬೇಕೆಂದಿದ್ದಳು. ಆದರೆ ಮಿರ್ಜೊಅಲಿ ಹಿಂದಿನಿಂದ ಬೆರಳು ತೋರಿಸಿ ನೆನಪಿಸಿದ.

"ನಮ್ಮ ಹಿರಿಯರು ಈ ಕಣಿವೆಗೆ ಹೇಗೆ ಬಂದ್ರು? ಯಾರು ಹೇಳ್ತೀರಿ?"

ಇಪ್ಪತ್ತೆಂಟು ಕೈ ಮೇಲೆದ್ದವು. ಇಪ್ಪತ್ತೆಂಟೂ ಎಡಗೈ.

ಮಸ್ತುರಾ ಕೈಗಳನ್ನು ನೋಡಿದಳು. ಅವುಗಳ ನಡುವೆ ದಾರಗಳು ಅಲ್ಲಾಡುತ್ತಿದ್ದವು. ಮಿರ್ಜೊಅಲಿ ಬೆವರಿದ. ಆದರೂ ಹಲ್ಲುಬಿಟ್ಟು, "ನೋಡಿ, ಎಲ್ಲಾರಿಗೂ ಗೊತ್ತು! ಶುಕ್ರೋನಾ ಹೇಳ್ತಾಳೆ. ಏಳಮ್ಮ ಶುಕ್ರೋನಾ" ಎಂದ.

ಶುಕ್ರೋನಾ ಎದ್ದಳು. "ಗೊತ್ತಿಲ್ಲ, ಮುಅಲ್ಲಿಮ್."

"ಗೊತ್ತಿಲ್ದೆ ಕೈ ಯಾಕೆ ಎತ್ತಿದೆ?"

"ನೀವೇ ಹೇಳಿದ್ರಲ್ಲ, ಗೊತ್ತಿಲ್ದೋರು ಎಡಗೈ ಎತ್ತಿ ಅಂತ."

ಸಮದೋವ್ ಪೆನ್ನು ಕೆಳಗಿಟ್ಟು ನಕ್ಕ. ಕೆಟ್ಟ ನಗುವಲ್ಲ, ಹಳೆಯ ಕಸುಬು ನೆನಪಾದವನ ನಗು. "ಈ ಎಡಗೈ ಬಲಗೈ ಆಟ ನಾನೂ ಮೂವತ್ತು ವರ್ಷ ಆಡಿದೀನಿ ಮಿರ್ಜೊಅಲಿ ಜಾನ್. ಆದ್ರೆ ಇಡೀ ತರಗತಿ ಎಡಗೈ ಎತ್ತಿದ್ದು ಇದೇ ಮೊದ್ಲು. ಹೋಗ್ಲಿ ಬಿಡಿ, ಪಲಾವ್ ಆರಿಹೋಗುತ್ತೆ. ಮುಅಲ್ಲಿಮಾ, ನೀವೇ ಪುಸ್ತಕದಲ್ಲಿರೋ ಆ ಒಂದು ವಾಕ್ಯ ಹೇಳ್ಬಿಡಿ. ನಾನು ಸಹಿ ಹಾಕ್ತೀನಿ. ನಿಮ್ಮ ಫೈಲಿಗೂ ಸೇರಿಸಿ."

ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಾ ಕುಳಿತ. ಮಿರ್ಜೊಅಲಿ ಕೈಮುಗಿಯುವುದೊಂದು ಬಾಕಿ. ಮಕ್ಕಳು ಇನ್ನೂ ಕೈ ಇಳಿಸಿರಲಿಲ್ಲ.

ಒಂದು ವಾಕ್ಯ. ಎಷ್ಟು ವರ್ಷ ಅದನ್ನು ಉಸಿರು ಕಟ್ಟದೆ ಹೇಳಿದ್ದಳು! ನಾಚಿಕೆಯೂ ಸಿಟ್ಟೂ ಒಟ್ಟಿಗೆ ಅವಳ ಎದೆಗೆ ಏರಿದವು. ಈ ಗಂಡಸರ ಮೇಲಿನ ಸಿಟ್ಟು, ಆ ಪುಸ್ತಕದ ಮೇಲಿನ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ 'ಸುಮ್ನೆ ಬರಿ' ಎಂದಿದ್ದ ತನ್ನ ಬಾಯಿಯ ಮೇಲಿನ ಸಿಟ್ಟು. ಮಸ್ತುರಾ ಕುರ್ಚಿ ಎಳೆದು, ಹತ್ತಿ, ಕೆಂಪು ಉಣ್ಣೆಯ ದಾರವನ್ನು ಹೂವಿನ ಸಮೇತ ಕಿತ್ತಳು. ಹೂವನ್ನು ಕೆಳಕ್ಕೆ ಬಿಟ್ಟು ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಸಮದೋವ್ ಅಕಾ, ಇದು ಒಂದು ಮಗು. ಹಳೆ ಕಾಲುವೆ ಪಕ್ಕದಲ್ಲಿ ಮಲಗಿದೆ. ತಲೆ ಎತ್ತಿ ನೋಡಿ, ಇನ್ನುಳಿದೋರು ನಿಮ್ಮ ತಲೆ ಮೇಲೇ ಇದಾರೆ."

ಸಮದೋವ್ ತಲೆ ಎತ್ತಿದ. ಮಿರ್ಜೊಅಲಿಯೂ ಎತ್ತಿದ. ಎತ್ತಿದವನು ಹಾಗೆಯೇ ಗೋಡೆಗೆ ಒರಗಿದ. ಅವನ ಸೋದರತ್ತೆಯ ಅಳತೆಯೂ ಅಲ್ಲೇ ಎಲ್ಲೋ ಒಂದು ಹಳದಿ ಗುಲಾಬಿಯ ಮೇಲಿತ್ತು.

"ಕೈ ಇಳಿಸಿ ಮಕ್ಕಳೇ" ಎಂದಳು ಮಸ್ತುರಾ. "ನೋಟ್‌ಬುಕ್ ತೆಗೀರಿ. ತಾರೀಖು ಹಾಕಿ. ಹೇಳ್ತೀನಿ, ಬರ್ಕೊಳ್ಳಿ. ನಾವು ಬರಲಿಲ್ಲ. ನಮ್ಮನ್ನು ತಂದರು."

"ಮುಅಲ್ಲಿಮಾ, ಬೇಡ" ಎಂದ ಮಿರ್ಜೊಅಲಿ. ಗದರುವ ಧ್ವನಿ ಹುಡುಕಿದ, ಸಿಗಲಿಲ್ಲ.

"ಮನೆಗಳ ಮಾಳಿಗೆ ಕೆಡವಿ, ಜೂನ್ ತಿಂಗಳಲ್ಲಿ, ಲಾರಿಗಳಲ್ಲಿ ತಂದರು. ಬರ್ದ್ರಾ? ಮೊದಲನೆಯ ಬೇಸಿಗೆಯಲ್ಲಿ ಹಳೆ ಕಾಲುವೆಯ ಸಾಲಿನಲ್ಲಿ ಹೂಳಿದ ಅರವತ್ತೊಂದು ಜನರಲ್ಲಿ ಐದು ವರ್ಷ ತುಂಬದವರು ನಲವತ್ತೇಳು."

ಇಪ್ಪತ್ತೆಂಟು ಪೆನ್ನು ಸರಸರ ಓಡಿದವು. ಹಿಂದಿನ ಬೆಂಚಿನಿಂದ ಯಾರೋ, "ನಲವತ್ತೇಳು ಅಂಕೀಲಿ ಬರೀಲಾ ಮುಅಲ್ಲಿಮಾ, ಅಕ್ಷರದಲ್ಲಾ?" ಎಂದು ಕೇಳಿದರು.

"ಅಕ್ಷರದಲ್ಲಿ."

ಸಮದೋವ್ ದಾಖಲೆ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಬಾಗಿಲ ಬಳಿ ಒಂದು ಗಳಿಗೆ ನಿಂತ. "ನಾನಿವತ್ತು ಈ ಕಡೆ ಬಂದೇ ಇಲ್ಲ ಅಂದ್ಕೊಳಿ" ಎಂದು ಹೇಳಿ ಹೊರಟ. ಊಟಕ್ಕೆ ನಿಲ್ಲಲಿಲ್ಲ. ಪಲಾವನ್ನು ಮಕ್ಕಳು ಹಂಚಿಕೊಂಡು ತಿಂದವು. ಮನೆಯಿಂದ ತಂದ ಅಕ್ಕಿ, ಮನೆಯಿಂದ ತಂದ ಎಣ್ಣೆ. ತಿನ್ನಬೇಕಾದವರೂ ಅವರೇ.

ದರ್ಜೆಯ ಫೈಲು ಸಹಿಯಿಲ್ಲದೆ ವಾಪಸ್ಸಾಯಿತು. ಮುಂದಿನ ಅವಧಿಯಿಂದ ಇತಿಹಾಸದ ಪಾಠಗಳನ್ನು ಮಿರ್ಜೊಅಲಿಯ ಸೊಸೆಗೆ ಕೊಟ್ಟು, ಮಸ್ತುರಾಗೆ ಐದನೇ ತರಗತಿಯ ಹುಡುಗಿಯರ ಹೊಲಿಗೆ ಕೊಟ್ಟರು. ದಾರಗಳನ್ನು ಮಾತ್ರ ಮಿರ್ಜೊಅಲಿ ತಾನೇ ಕುರ್ಚಿ ಹತ್ತಿ ಒಂದೊಂದಾಗಿ ಬಿಚ್ಚಿ, ಕಾಗದದಲ್ಲಿ ಸುತ್ತಿ ಅವಳ ಮನೆಗೆ ಕಳಿಸಿದ. ಜೊತೆಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ.

ಇಪ್ಪತ್ತೆಂಟು ನೋಟ್‌ಬುಕ್ಕುಗಳಲ್ಲಿ ಆ ಪುಟ ಇದೆ. ಮಸ್ತುರಾ ಬೀಬೀಗೆ ಕೊಟ್ಟ ಮಾತನ್ನು ನಡೆಸಿದಳು.